ರಿಪೋರ್ಟಿನ ಕೆಳಗಿನ ಸಹಿ

ನನ್ನ ಸಹಿ ಇನ್ನು ಮೇಲೆ ನಡೆಯುವುದಿಲ್ಲ ಅಂತ ಡಾಕ್ಟರು ಹೇಳಿದಾಗ ನಾನು ಒಬ್ಬ ಹಮಾಲಿಯ ಮೂತ್ರ ಕಾಯಿಸುತ್ತಿದ್ದೆ. ಸ್ಪಿರಿಟ್ ದೀಪದ ಮೇಲೆ ಹಿಡಿದ ಗಾಜಿನ ನಳಿಕೆಯಲ್ಲಿ ಬೆರೆಸಿದ ದ್ರಾವಣದ ನೀಲಿ ಹೋಗಿ ಹಸಿರು ಬರುವ ಹೊತ್ತು ಅದು. ಹಸಿರಿಗೇ ನಿಲ್ಲುತ್ತದೋ, ಹಳದಿಗೆ ಇಳಿಯುತ್ತದೋ, ಇಟ್ಟಿಗೆ ಕೆಂಪಿಗೆ ಹೋಗುತ್ತದೋ ಅನ್ನುವುದರ ಮೇಲೆ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುವುದು. ಆಗ ಕಣ್ಣು ತೆಗೆಯಬಾರದು. ಹಾಗಾಗಿ ತಿರುಗದೆಯೇ "ಏನಂದ್ರಿ ಸಾರ್?" ಅಂದೆ.

"ಫ್ಯಾಕ್ಟರಿಯವ್ರು ಒಪ್ತಾ ಇಲ್ಲ ಕಣಯ್ಯ. ಸರ್ಟಿಫಿಕೇಟ್ ಇರೋರೇ ಪರೀಕ್ಷೆ ಮಾಡಿ ಸಹಿ ಹಾಕ್ಬೇಕಂತೆ. ಇಲ್ದಿದ್ರೆ ಅವರ ಜನಾನ ನಮ್ಮ ಹತ್ರ ಕಳಿಸಲ್ವಂತೆ."

"ನನ್ನ ಸಹಿಗೆ ಏನಾಗಿದೆ ಸಾರ್?"

"ಸಹಿ ಲಕ್ಷಣವಾಗೇ ಇದೆ. ಅದರ ಹಿಂದೆ ಕಾಗದ ಇಲ್ಲ."

ನಳಿಕೆ ಹಳದಿಗೆ ಬಂದು ನಿಂತಿತು. ಹಮಾಲಿಗೆ ಸಕ್ಕರೆ ಇತ್ತು. ಅದನ್ನು ಚೀಟಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಆ ಮನುಷ್ಯ ಫ್ಯಾಕ್ಟರಿಯವನಲ್ಲವಲ್ಲ, ಅವನಿಗೆ ನಡೆಯುತ್ತಿತ್ತು.

ಯಶವಂತಪುರದ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ ನಮ್ಮ ಡಾಕ್ಟರ ಷಾಪು. ಮುಂದಿನ ಕೋಣೆಯಲ್ಲಿ ಅವರು, ಹಿಂದಿನ ಕೋಣೆಯಲ್ಲಿ ಲ್ಯಾಬೊರೇಟರಿ ಮತ್ತು ನಾನು, ಅದರಾಚೆ ಹಿತ್ತಿಲಲ್ಲಿ ಒಂದು ಬಾವಿ. ನಾನು ಮಿಡ್ಲ್ ಸ್ಕೂಲಿನಿಂದ ಇಳಿದವನು ಮತ್ತೆ ಶಾಲೆ ಹತ್ತಿದವನಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ದುಡಿದು ಬಂದಿದ್ದ ಹಿರಿಯರೊಬ್ಬರು ಇದೇ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದ್ದರು. ರಕ್ತ ತೆಗೆಯುವುದು, ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆಯುವುದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ ಎಣಿಸುವುದು, ಎಲ್ಲ. ನನ್ನ ಸಹಿ ಹೊತ್ತ ರಿಪೋರ್ಟುಗಳು ಸಿಟಿಯ ದೊಡ್ಡಾಸ್ಪತ್ರೆಗಳಿಗೆ ಹೋಗುತ್ತಿದ್ದವು. ಅಲ್ಲಿನ ಡಾಕ್ಟರುಗಳು ಅದನ್ನು ನೋಡಿ ಔಷಧ ಬರೆಯುತ್ತಿದ್ದರು. ನಾನು ಕಾಲಿಡದ ಕಡೆಯೆಲ್ಲ ನನ್ನ ಹೆಸರು ಹೋಗಿ ಬಂದಿತ್ತು. ಅದು ನನಗೆ ಸಣ್ಣ ಸಂಗತಿಯಲ್ಲ.

ಆಗ ನಮ್ಮ ಸುತ್ತಮುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ರಕ್ತ, ಮೂತ್ರ, ಮಲ ಪರೀಕ್ಷೆಯ ರಿಪೋರ್ಟು ಬೇಕು. ಆ ಕೆಲಸ ನಮಗೆ ಸಿಕ್ಕರೆ ಷಾಪು ನಿಂತಿತು, ಇಲ್ಲವಾದರೆ ಇಲ್ಲ. ಇದು ನನಗೂ ಗೊತ್ತಿತ್ತು. ಸರ್ಟಿಫಿಕೇಟಿನ ಕೋರ್ಸಿಗೆ ಸೇರಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆದರೆ ಮೊದಲಿನಿಂದ ಲ್ಯಾಬಿನಲ್ಲಿ ದುಡಿದು ಕೆಲಸ ಕಲಿತವರಿಗೆ ಒಂದು ದಾರಿ ಇಟ್ಟಿದ್ದರು. ಸಿಟಿಯ ಆಸ್ಪತ್ರೆಯೊಂದರಲ್ಲಿ ವರ್ಷಕ್ಕೊಮ್ಮೆ ಅಂಥವರಿಗೆಂದೇ ಪರೀಕ್ಷೆ. ಕೈಯಿಂದ ಮಾಡಿ ತೋರಿಸಬೇಕು, ಬಾಯಲ್ಲಿ ಉತ್ತರ ಹೇಳಬೇಕು. ಪಾಸಾದರೆ ಸರ್ಟಿಫಿಕೇಟು.

"ನೀನು ಅದಕ್ಕೆ ಕೂತ್ಕೋ. ಅಲ್ಲೀವರೆಗೂ ಸರ್ಟಿಫಿಕೇಟ್ ಇರೋ ಒಬ್ಬರನ್ನ ಇಟ್ಕೊಳ್ತೀನಿ. ನೀನು ಪಾಸಾದ್ರೆ ಇಬ್ರೂ ಸಹಿ ಹಾಕಿ. ಆಗದಿದ್ರೆ ಅವರ ಕೈಕೆಳಗೆ ಇರು. ಬೇಡ ಅಂದೋರ್ಯಾರು?" ಅಂದರು ಡಾಕ್ಟರು.

ಕೈಕೆಳಗೆ. ಆ ಮಾತನ್ನು ಅವರು ಆಡಿ ಮರೆತರು.

ಬಂದವಳು ಹುಡುಗಿ. ಮಲ್ಲೇಶ್ವರದ ಕಡೆಯವಳು, ಬಸ್ಸಿನಲ್ಲಿ ಬರುತ್ತಿದ್ದಳು. ಮದರಾಸಿನಲ್ಲಿ ಕೋರ್ಸು ಮುಗಿಸಿ ಬಂದಿದ್ದಳು. ಸೀರೆಯ ಮೇಲೆ ಬಿಳಿ ಕೋಟು, ಆ ಕೋಟಿನ ಜೇಬಿನಲ್ಲಿ ಗಾಜಿನ ಮೇಲೆ ಬರೆಯುವ ವಜ್ರದ ಮೊನೆಯ ಪೆನ್ಸಿಲು. ನಾನು ಸ್ಲೈಡಿನ ಮೂಲೆಗೆ ಚೀಟಿ ಅಂಟಿಸುತ್ತಿದ್ದವನು. ಅವಳು ಗಾಜಿನ ಮೇಲೇ ಕಿರ್ರೆಂದು ರೋಗಿಯ ಹೆಸರು ಕೊರೆಯುತ್ತಿದ್ದಳು. ಆ ಸದ್ದು ನನ್ನ ಹಲ್ಲಿಗೆ ಬಡಿಯುತ್ತಿತ್ತು.

ಬಂದ ಮೊದಲ ದಿನವೇ ನಾನು ತೊಳೆದಿಟ್ಟ ಪಿಪೆಟ್ಟುಗಳನ್ನೆಲ್ಲ ಅವಳು ಮತ್ತೆ ತೊಳೆದಳು.

"ಯಾಕಮ್ಮ, ಕೊಳೆ ಕಾಣ್ತಾ ಇತ್ತಾ?"

"ಇಲ್ಲ ರೀ. ನಾನ್ ತೊಳೆದಿದ್ದು ಅಂತ ನನಗೆ ಗೊತ್ತಿರ್ಬೇಕು, ಅಷ್ಟೆ."

ಇದಕ್ಕೆ ಏನು ಹೇಳುತ್ತೀರಿ? ಜಗಳವಾಡಲು ಒಂದು ಎಳೆಯನ್ನೂ ಬಿಡದ ಮಾತು.

ಡಾಕ್ಟರು ಅವಳನ್ನು "ಬನ್ನಿ, ಕೂತ್ಕೊಳ್ಳಿ" ಅಂದರು, ನನ್ನನ್ನು ಎಂದಿನಂತೆ "ಬಾರಯ್ಯ" ಅಂದರು. ಅವಳಿಗೆ ಕಾಫಿ ಬಸಿ ಸಮೇತ ಕಪ್ಪಿನಲ್ಲಿ ಬಂತು, ನನಗೆ ಲೋಟದಲ್ಲಿ. ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಸೂಕ್ಷ್ಮದರ್ಶಕ ಇಟ್ಟು ನಾನು ಕೂರುತ್ತಿದ್ದ ಜಾಗಕ್ಕೆ ಒಂದು ಹೊಸ ಸ್ಟೂಲು ಬಂತು. ಅದು ನನಗಲ್ಲ. ಇದನ್ನೆಲ್ಲ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಸಂತೆ ಕಡೆಯಿಂದ ಬರುತ್ತಿದ್ದ ಹೆಂಗಸರ ಮಾತು. ಅವರು ಅವಳನ್ನು "ಡಾಕ್ಟ್ರಮ್ಮ" ಅಂತ ಕರೆಯತೊಡಗಿದರು. ನಾಗಸಂದ್ರದಿಂದ ಸೊಪ್ಪು ತರುತ್ತಿದ್ದ ಅಜ್ಜಿಯೊಬ್ಬಳು ನಾನು ಸೂಜಿ ಹಿಡಿದು ನಿಂತಿದ್ದರೂ ಕೈ ಹಿಂದಕ್ಕೆ ಎಳೆದುಕೊಂಡು, "ನೀ ಬ್ಯಾಡ ಕಣಪ್ಪ, ಆ ಡಾಕ್ಟ್ರಮ್ಮನೇ ಬರ್ಲಿ" ಅಂದಳು.

"ಅಜ್ಜೀ, ಇಷ್ಟು ವರ್ಷ ನಿನ್ನ ರಕ್ತ ತೆಗೆದೋನು ನಾನು."

"ಅದಕ್ಕೇ ಕಣಪ್ಪ, ಇಂಗೆ ಒಣಗೋಗಿವ್ನಿ."

ಮುಂದಿನ ಕೋಣೆಯಲ್ಲಿ ಕೂತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅವಳು ಸೂಜಿ ಹಿಡಿದು ಅಜ್ಜಿಯ ನರ ಹುಡುಕಿದಳು, ಸಿಗಲಿಲ್ಲ. ಚುಚ್ಚಿದಳು, ರಕ್ತ ಬರಲಿಲ್ಲ. ಇನ್ನೊಂದು ಕೈ ನೋಡಿದಳು. ಬಿಸಿಲಿನಲ್ಲಿ ಬೆಂದ ಮುದಿ ತೋಳುಗಳಲ್ಲಿ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಸಿಕ್ಕ ಮೇಲೂ ಹೆಬ್ಬೆರಳಲ್ಲಿ ಚರ್ಮ ಕೆಳಕ್ಕೆ ಎಳೆದು ಹಿಡಿಯದಿದ್ದರೆ ಪಕ್ಕಕ್ಕೆ ಜಾರುತ್ತದೆ. ನಾನು ಕೈ ಕಟ್ಟಿಕೊಂಡು ನಿಂತು ನೋಡಿದೆ. ಒಂದು ಮಾತು ಹೇಳಲಿಲ್ಲ. ಸರ್ಟಿಫಿಕೇಟು ಕೊಟ್ಟವರು ಅದನ್ನೂ ಕಲಿಸಬೇಕಿತ್ತು.

ಕೆಲಸ ಹಂಚಿಕೊಂಡದ್ದು ಹೀಗೆ: ಸ್ಲೈಡು ಮಾಡಿ ಕಣ ಎಣಿಸುವುದು ಇಬ್ಬರೂ, ಫ್ಯಾಕ್ಟರಿಯವರದಾಗಲಿ ಹೊರಗಿನವರದಾಗಲಿ ಸಹಿ ಮಾತ್ರ ಅವಳದು. ಎಣಿಸಿ ಬರೆದ ಚೀಟಿಯನ್ನು ಅವಳ ಮುಂದೆ ಇಟ್ಟರೆ ಸಹಿ ಹಾಕಿ ಕಳಿಸುತ್ತಾಳೆ ಅಂದುಕೊಂಡಿದ್ದೆ. ಅವಳು ಚೀಟಿಯನ್ನು ಪಕ್ಕಕ್ಕೆ ಸರಿಸಿ, "ಸ್ಲೈಡ್ ಕೊಡಿ" ಅಂದಳು.

"ಎಣ್ಸಿದೀನಲ್ಲಮ್ಮ."

"ಹೌದು. ನಾನೂ ನೋಡ್ಬೇಕಲ್ಲ."

"ನನ್ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಅಲ್ಲ ರೀ. ಹೆಸರು ನಂದು ಹೋಗುತ್ತೆ."

ನಾನು ಎಣಿಸಿದ ಪ್ರತಿಯೊಂದು ಸ್ಲೈಡನ್ನೂ ಅವಳು ಮತ್ತೆ ಎಣಿಸಿದಳು. ತಪ್ಪು ಸಿಕ್ಕಿದ್ದರೆ ಜಗಳ ಮಾಡಬಹುದಿತ್ತು. ಸಿಗಲಿಲ್ಲ. ಪ್ರತಿ ಸಲವೂ ತಲೆಯಾಡಿಸಿ ಸಹಿ ಹಾಕುತ್ತಿದ್ದಳು, ಮೇಷ್ಟರು ಮಗ್ಗಿ ಒಪ್ಪಿಸಿದ ಹುಡುಗನಿಗೆ ತಲೆಯಾಡಿಸುವ ಹಾಗೆ. ನಾನು ಸರಿ ಅಂತ ಹೇಳಲು ಅವಳು ಯಾರು ಅನ್ನಿಸುತ್ತಿತ್ತು. ಅವಳ ಅಕ್ಷರ ಬೇರೆ ಮುದ್ದಾಗಿತ್ತು. ಡಾಕ್ಟರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಮನೆಯಲ್ಲೂ ನನ್ನ ಬಾಯಲ್ಲಿ ಅದೇ. ಒಂದು ದಿನ ನನ್ನ ಹೆಂಡತಿ ಹಿಟ್ಟು ಕಲಸುತ್ತಾ, "ಏನ್ರೀ, ಅವಳನ್ನ ಬಿಟ್ಟು ಬೇರೆ ಮಾತೇ ಇಲ್ವಾ? ಹೆಂಡ್ತಿ ಉಟ್ಟಿರೋ ಸೀರೆ ಬಣ್ಣ ಕೇಳಿದ್ರೆ ಗೊತ್ತಿಲ್ಲ, ಅವಳ ಪಿಪೆಟ್ ಎಷ್ಟುದ್ದ ಅಂತ ಗೊತ್ತು" ಅಂದಳು.

"ಕೆಲಸದ ಮಾತು ಕಣೇ."

"ಕೆಲಸದ ಮಾತಲ್ಲ, ಹೊಟ್ಟೆಕಿಚ್ಚಿನ ಮಾತು. ನೀವೂ ಪರೀಕ್ಷೆ ಪಾಸ್ ಮಾಡಿ, ಆಮೇಲೆ ಹೊಟ್ಟೆ ತಣ್ಣಗಿರುತ್ತೆ."

ಪರೀಕ್ಷೆಗೆ ಅರ್ಜಿ ಹಾಕಿದ್ದೆ. ಡಾಕ್ಟರು ನಾನು ಅವರಲ್ಲಿ ಕೆಲಸ ಮಾಡುತ್ತಿರುವುದಾಗಿ ಬರೆದುಕೊಟ್ಟಿದ್ದರು. ಅಭ್ಯಾಸ ಅಂತ ಏನೂ ಮಾಡಲಿಲ್ಲ. ದಿನಾ ಮಾಡುವ ಕೆಲಸಕ್ಕೆ ಅಭ್ಯಾಸ ಏತಕ್ಕೆ? ಒಂದು ಮಧ್ಯಾಹ್ನ ಅವಳಾಗಿಯೇ "ಬಾಯಿ ಪ್ರಶ್ನೆ ಏನ್ ಕೇಳ್ತಾರೆ ಅಂತ ಬೇಕಾದ್ರೆ ಹೇಳ್ತೀನಿ" ಅಂದಿದ್ದಳು. "ಬೇಡಮ್ಮ, ನಾನ್ ನೋಡ್ಕೊಳ್ತೀನಿ" ಅಂದಿದ್ದೆ.

ಸ್ಲೈಡಿಗೆ ಬಣ್ಣ ಹಾಕುವ ಕ್ರಮ ಇಲ್ಲಿ ಹೇಳಬೇಕು, ಯಾಕೆಂದರೆ ನಾನು ಬಿದ್ದದ್ದು ಅಲ್ಲೇ. ಸ್ಲೈಡಿನ ಮೇಲೆ ರಕ್ತ ಒಣಗಿದ ಮೇಲೆ ಸ್ಟೇನ್ ಸುರಿಯಬೇಕು. ಅದು ಮದ್ಯಸಾರದಲ್ಲಿ ಕರಗಿಸಿದ ಬಣ್ಣ. ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೆ ಅದರ ಎರಡರಷ್ಟು ನೀರು ಹಾಕಿ, ಊದಿ ಬೆರೆಸಬೇಕು. ನಿಧಾನಕ್ಕೆ ಮೇಲೆ ತಾಮ್ರದ ಹೊಳಪಿನ ಕೆನೆಯೊಂದು ಕಟ್ಟುತ್ತದೆ. ಆಮೇಲೆ ತೊಳೆಯಬೇಕು. ಯಾವಾಗ ತೊಳೆಯಬೇಕು ಅನ್ನುವುದೇ ವಿದ್ಯೆ. ಬೇಗ ತೊಳೆದರೆ ಕಣ ಬಿಳಚಿಕೊಳ್ಳುತ್ತದೆ, ತಡವಾದರೆ ಎಲ್ಲ ನೀಲಿ ಮಸಿ. ನನ್ನ ಗುರುಗಳು ಕೆನೆ ಕಟ್ಟಿದ ಕೂಡಲೇ ತೊಳೆಯಲು ಕಲಿಸಿದ್ದರು. ನಾನು ಹಿತ್ತಿಲ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೆ. ಕೆನೆ ಕಟ್ಟಿದ್ದು ಕಂಡರೆ ಕೈ ತಾನೇ ಹೋಗುತ್ತಿತ್ತು. ಸ್ಲೈಡು ಅಚ್ಚುಕಟ್ಟಾಗಿ ಬರುತ್ತಿತ್ತು. ಆ ಹುಡುಗಿ ಮಾತ್ರ ತನ್ನ ಸ್ಲೈಡುಗಳಿಗೆ ಭಟ್ಟಿ ಇಳಿಸಿದ ನೀರಿಗೆ ಏನೋ ಎರಡು ಉಪ್ಪು ತೂಗಿ ಹಾಕಿ ಬೇರೆ ಬಾಟಲಿ ಇಟ್ಟುಕೊಂಡಿದ್ದಳು. ಮಡಿ ನೀರು ಅಂತ ನಾನು ಅದಕ್ಕೆ ಹೆಸರಿಟ್ಟಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋದೆ. ಉದ್ದದ ಹಜಾರ, ಸಾಲಾಗಿ ಮೇಜುಗಳು, ಪ್ರತಿ ಮೇಜಿಗೂ ಒಂದು ಸೂಕ್ಷ್ಮದರ್ಶಕ. ನಮ್ಮಲ್ಲಿದ್ದುದಕ್ಕಿಂತ ಹೊಸವು. ನನ್ನಂತೆಯೇ ಕೆಲಸ ಮಾಡಿ ಕಲಿತವರು ಬೇರೆ ಬೇರೆ ಊರುಗಳಿಂದ ಬಂದಿದ್ದರು. ಮೂತ್ರದ ಪರೀಕ್ಷೆ ಮಾಡಿದೆ, ಸರಿಯಾಯಿತು. ರಕ್ತದ ಕೆಂಪಂಶ ನೋಡಿದೆ, ಅದೂ ಸರಿಯಾಯಿತು. ಆಮೇಲೆ ಸ್ಲೈಡು ಕೊಟ್ಟರು. ಬಣ್ಣ ಹಾಕಿ ಬಿಳಿ ಕಣಗಳಲ್ಲಿ ಯಾವ ಜಾತಿಯವು ಎಷ್ಟಿವೆ ಅಂತ ಎಣಿಸಿ ಬರೆಯಬೇಕು. ನನಗೆ ನಗು ಬಂತು. ಇದು ನನಗೆ ಊಟ ಮಾಡಿದಷ್ಟು ಸುಲಭ.

ಮೇಜಿನ ಮೇಲೆ ಅವರೇ ಇಟ್ಟಿದ್ದ ಬಾಟಲಿಯ ನೀರು ಹಾಕಿದೆ. ಕೆನೆ ಕಟ್ಟಿತು. ಕೈ ತಾನೇ ಹೋಯಿತು, ತೊಳೆದೆ, ಒಣಗಿಸಿದೆ, ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ.

ಕೆಂಪು ಕಣಗಳು ಗುಲಾಬಿಯಾಗಿ ಕಂಡವು. ಬಿಳಿ ಕಣಗಳು ಎಲ್ಲಿ? ನೇರಳೆ ಬಣ್ಣದಲ್ಲಿ ಎದ್ದು ಕಾಣಬೇಕಾದ ಅವುಗಳ ಒಳತಿರುಳು ನೀರಿಗೆ ಬಿದ್ದ ಮಸಿಯ ಹನಿಯಂತೆ ಮಸುಕು ಮಸುಕಾಗಿತ್ತು. ಒಂದರ ಒಳತಿರುಳು ಕವಲೊಡೆದಿದೆಯೋ, ಗುಂಡಗಿದೆಯೋ ಗೊತ್ತಾಗಲೊಲ್ಲದು. ಸ್ಟೇನ್ ಹಳತಿರಬೇಕು ಅಂದುಕೊಂಡು ಇನ್ನೊಂದು ಸ್ಲೈಡು ಕೇಳಿದೆ. ಕೊಟ್ಟರು. ಈ ಸಲ ಇನ್ನೂ ಎಚ್ಚರಿಕೆಯಿಂದ, ಕೆನೆ ಕಟ್ಟುವುದನ್ನು ಕಣ್ಣು ಮಿಟುಕಿಸದೆ ನೋಡಿ, ಸರಿಯಾದ ಗಳಿಗೆಗೆ ತೊಳೆದೆ. ಅದೇ ಬಿಳಚು. ಹೊತ್ತು ಮೀರುತ್ತಿತ್ತು. ಆಕಾರ ನೋಡಿ, ಗಾತ್ರ ನೋಡಿ, ಅಂದಾಜಿನ ಮೇಲೆ ಎಣಿಸಿ ಬರೆದೆ.

ಪರೀಕ್ಷಕರು ಕನ್ನಡಕ ಹಣೆಗೇರಿಸಿ ನನ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇದ್ರಲ್ಲಿ ಏನ್ ಎಣಿಸಿದ್ರಿ?"

"ಬಿಳಿ ಕಣ ಸಾರ್."

"ಎಲ್ಲಿವೆ? ನನಗೂ ತೋರ್ಸಿ."

ನಾನು ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ನೋಡಿದೆ, ಅದೇ ಮಸುಕು.

"ನೀವು ಕೆಲಸ ಮಾಡೋ ಕಡೆ ಯಾವ ನೀರು ಹಾಕ್ತೀರಿ?"

"ಬಾವಿ ನೀರು ಸಾರ್. ಚೆನ್ನಾಗಿರೋ ನೀರು, ಕುಡಿಯೋಕೂ ಅದೇ."

ಪಕ್ಕದ ಮೇಜಿನವನು ಕೆಮ್ಮುವ ಹಾಗೆ ನಕ್ಕ. ಪರೀಕ್ಷಕರು ನಗಲಿಲ್ಲ. "ನಿಮ್ಮ ಬಾವಿ ನೀರಿಗೆ ಕೈ ಪಳಗಿಸ್ಕೊಂಡಿದೀರಿ. ಬಾವಿ ಬಿಟ್ಟು ಬಂದ್ರೆ ಏನ್ ಮಾಡ್ತೀರಿ?" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ನಾನು ಫೇಲಾದೆ.

ಮಾರನೆಯ ದಿನ ಲ್ಯಾಬಿಗೆ ಹೋದಾಗ ಡಾಕ್ಟರು "ಹೋಗ್ಲಿ ಬಿಡಯ್ಯ, ಮುಂದಿನ ವರ್ಷ ನೋಡೋಣ" ಅಂದು ಒಳಗೆ ಹೋದರು. ಹುಡುಗಿ ಏನೂ ಕೇಳಲಿಲ್ಲ. ಅವಳ ಮಡಿ ನೀರಿನ ಬಾಟಲಿ ಕಿಟಕಿಯ ಹತ್ತಿರ ಇತ್ತು. ಅದರ ಕಡೆ ನೋಡದೆ ಕೆಲಸ ಮಾಡಿದೆ. ಎಣಿಸಿದೆ, ಅವಳ ಮುಂದೆ ಇಟ್ಟೆ, ಅವಳು ಮತ್ತೆ ಎಣಿಸಿ ಸಹಿ ಹಾಕಿದಳು. ಈಗ ಅವಳಿಗೆ ಅದರ ಹಕ್ಕು ಹೆಚ್ಚಾಯಿತು ಅನ್ನಿಸಿ ಇನ್ನಷ್ಟು ಉರಿಯಿತು.

ಅದೇ ಸಮಯಕ್ಕೆ ಯಲಹಂಕದಿಂದ ಒಂದು ಕರೆ ಬಂತು. ಅಲ್ಲಿ ಷಾಪು ಇಟ್ಟಿದ್ದ ಇನ್ನೊಬ್ಬ ಡಾಕ್ಟರಿಗೆ ಲ್ಯಾಬಿನವನು ಬೇಕಾಗಿತ್ತು. ನನ್ನ ವಿಷಯ ಯಾರಿಂದಲೋ ಕೇಳಿದ್ದರು. ಅಲ್ಲಿ ಫ್ಯಾಕ್ಟರಿಯ ಕಾಟ ಇಲ್ಲ, ಸರ್ಟಿಫಿಕೇಟು ಕೇಳುವವರಿಲ್ಲ, ಸಹಿ ನಿಮ್ಮದೇ ಅಂತ ಹೇಳಿ ಕಳಿಸಿದ್ದರು. ನಾನು ಮನೆಯಲ್ಲೂ ಹೇಳದೆ, ರಜಾ ಹಾಕಿ, ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆ ಹುಡುಗಿಗೆ ಹೇಳುವ ಮಾತನ್ನು ತಿದ್ದುತ್ತಿದ್ದೆ. "ಬರ್ತೀನಮ್ಮ, ಇನ್ಮೇಲೆ ನೀನೇ ಎಲ್ಲ ನೋಡ್ಕೋ" ಅನ್ನುವುದೋ, ಏನೂ ಹೇಳದೆ ಕೀಲಿಕೈ ಮಾತ್ರ ಮೇಜಿನ ಮೇಲಿಟ್ಟು ಬರುವುದೋ.

ಯಲಹಂಕದ ಡಾಕ್ಟರು ಒಳ್ಳೆಯ ಮಾತುಗಾರ. "ಬನ್ನಿ ಬನ್ನಿ" ಅಂತ ಒಳಗೆ ಕರೆದರು. ನನ್ನನ್ನು ಬನ್ನಿ ಅಂದರು! ಹಿಂದಿನ ಕೋಣೆ ತೋರಿಸಿದರು. ಸೂಕ್ಷ್ಮದರ್ಶಕದ ಮೇಲೆ ಹಳೇ ಟವೆಲ್ಲು ಹೊದಿಸಿತ್ತು. ತೆಗೆದು ಕಣ್ಣಿಟ್ಟೆ. ಮಸೂರಕ್ಕೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹರಡಿತ್ತು.

"ಇದ್ರಲ್ಲಿ ಏನೂ ಕಾಣಲ್ವಲ್ಲ ಸಾರ್?"

"ಅದನ್ನ ಯಾರು ನೋಡ್ತಾರೆ ಮಾರಾಯರೇ? ಮೈ ಬಿಸಿ ಇದ್ರೆ ಮಲೇರಿಯಾ, ಮುಖ ಬಿಳಿಚಿದ್ರೆ ರಕ್ತ ಕಮ್ಮಿ. ನಾನ್ ಹೇಳ್ತೀನಿ, ನೀವು ಬರ್ಕೊಡಿ."

"ಸಹಿ?"

"ಸಹಿಗೂ ಈಗ್ಲೇ ಅವಸರ ಇಲ್ಲ," ಅಂದು ಅವರು ಬೀರುವಿನಿಂದ ಒಂದು ಕಟ್ಟು ತೆಗೆದರು. ಖಾಲಿ ರಿಪೋರ್ಟು ಚೀಟಿಗಳು, ಎಲ್ಲದರ ಕೆಳಗೂ ಮೊದಲೇ ಸಹಿ ಬಿದ್ದಿತ್ತು. "ನಿಮಗಿಂತ ಮುಂಚೆ ಇದ್ದೋರು ಪಾಪ, ಕಾಯಿಲೆ ಬಿದ್ದಾಗ ಕೂತು ಹಾಕಿಟ್ಟು ಹೋದ್ರು. ಒಳ್ಳೇ ಮನುಷ್ಯ. ಹೋದ ತಿಂಗಳು ತೀರ್ಕೊಂಡ್ರು. ಇದು ಮುಗಿಯೋ ತನಕ ಇದನ್ನೇ ನಡೆಸಿ, ಆಮೇಲೆ ನಿಮ್ಮದು."

ನಾನು ಆ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೆ. ದುಂಡಗಿನ, ನಿಧಾನವಾಗಿ ಹಾಕಿದ ಸಹಿ. ಆ ಮನುಷ್ಯನಿಗೂ ತನ್ನ ಹೆಸರಿನ ಮೇಲೆ ಪ್ರೀತಿ ಇದ್ದಿರಬೇಕು. ಸತ್ತವನ ಹೆಸರಿನ ಮೇಲೆ ಯಾರದೋ ಮಲೇರಿಯಾ, ಯಾರದೋ ರಕ್ತಹೀನತೆ ಬರೆಯುವುದು. ಕಟ್ಟು ಮುಗಿದ ಮೇಲೆ ನಾನೂ ಹಾಗೆಯೇ ಒಂದು ಕಟ್ಟು ಹಾಕಿಡುವುದು.

"ಯೋಚಿಸಿ ಹೇಳ್ತೀನಿ ಸಾರ್" ಅಂದೆ.

"ಯೋಚನೆ ಏನು ಬಂತು? ಇಲ್ಲಿ ಯಾರೂ ಕೇಳಲ್ಲ."

ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ಯಶವಂತಪುರದಲ್ಲಿ ಒಬ್ಬಳು ನಾನು ಎಣಿಸಿದ ಒಂದೊಂದು ಕಣವನ್ನೂ ಕೇಳುತ್ತಾಳೆ. ಅದು ನನಗೆ ಮುಳ್ಳು. ಯಲಹಂಕದಲ್ಲಿ ಕೇಳುವವರೇ ಇಲ್ಲ, ಇದು ಹಳ್ಳ. ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸು ಬರುವ ಹೊತ್ತಿಗೆ ಗಟ್ಟಿ ಮಾಡಿದೆ. ಯಲಹಂಕ ಬೇಡ. ಸಹಿ ಬೇಕು, ಆದರೆ ಅವಳ ಸಹಿಗೆ ಇರುವ ತೂಕದ್ದೇ ಬೇಕು. ಅದಕ್ಕಿಂತ ಒಂದು ಗುಂಜಿ ಕಡಿಮೆಯದು ಬೇಡ. ಹಾಗಾದರೆ ಅವಳನ್ನೇ ಕೇಳಬೇಕು.

ಬೆಳಿಗ್ಗೆ ಅವಳು ಬರುವ ಮೊದಲೇ ಹೋಗಿ ಬೆಂಚು ಒರೆಸಿದೆ. ಬಂದವಳು ಕೋಟು ತೊಡುತ್ತಿದ್ದಂತೆ ಕೇಳಿಬಿಟ್ಟೆ. ತಡ ಮಾಡಿದರೆ ಆಗುವುದಿಲ್ಲ ಅಂತ ಗೊತ್ತಿತ್ತು.

"ಆ ನೀರು ಹೆಂಗ್ ಮಾಡೋದು, ಸ್ವಲ್ಪ ತೋರ್ಸಮ್ಮ."

ಅವಳು ಗುಂಡಿ ಹಾಕುವುದನ್ನು ನಿಲ್ಲಿಸಿದಳು. "ಮಡಿ ನೀರಾ?"

ಆ ಹೆಸರು ಅವಳ ಕಿವಿಗೂ ಬಿದ್ದಿದೆ ಅಂತ ನನಗೆ ಗೊತ್ತಿರಲಿಲ್ಲ.

"ಹೂಂ. ಅದೇ."

"ತೋರಿಸ್ತೀನಿ. ಆದ್ರೆ ನೀವು ಒಂದು ತೋರಿಸ್ಬೇಕು. ಆ ಸೊಪ್ಪಿನ ಅಜ್ಜಿ ಇವತ್ತು ಬರ್ತಾರೆ. ಹೋದ ಸಲ ನಾನ್ ಚುಚ್ಚಿ ಚುಚ್ಚಿ ಕೈ ಊದಿಸಿ ಕಳಿಸಿದೆ. ನೀವ್ ಕೈ ಕಟ್ಕೊಂಡು ನಿಂತಿದ್ರಿ."

"ನೋಡಿದ್ಯಾ?"

"ಕಾಣ್ದೆ ಇರುತ್ತಾ? ಮೈಯೆಲ್ಲ ಉರೀತು. ನಿಮ್ಮ ಆ ಬೆರಳು ನನಗಿದ್ರೆ ಅಂತ ಎಷ್ಟ್ ಸಲ ಅನ್ಕೊಂಡಿದೀನಿ ಗೊತ್ತಾ?"

ನನ್ನ ಮೇಲೆ ಅವಳಿಗೂ ಉರಿ ಇತ್ತು ಅಂತ ತಿಳಿದಾಗ ಆದ ಸಮಾಧಾನವನ್ನು ಏನೆಂದು ಹೇಳಲಿ. ಆ ದಿನ ಕಾಫಿ ಲೋಟದಲ್ಲಿ ಬಂದರೂ ರುಚಿಯಾಗಿತ್ತು.

ಅಜ್ಜಿ ಬಂದಾಗ ಬೆರಳಲ್ಲಿ ನರ ಹುಡುಕಿ ಚರ್ಮ ಎಳೆದು ಹಿಡಿಯುವುದನ್ನು ನಾನು ತೋರಿಸಿಕೊಟ್ಟೆ, ನೀರಿನ ವಿದ್ಯೆಯನ್ನು ಅವಳು ಕಲಿಸಿದಳು. ನಮ್ಮ ಬಾವಿಯ ನೀರು ಗಡಸು, ಅದರಲ್ಲಿರುವ ಕ್ಷಾರಕ್ಕೆ ನೀಲಿ ಬೇಗ ಹಿಡಿಯುತ್ತದೆ, ಅದಕ್ಕೇ ಬೇಗ ತೊಳೆದರೂ ನಡೆಯುತ್ತಿತ್ತು. ಉಪ್ಪು ತೂಗಿ ಹಾಕಿ ಹದ ಮಾಡಿದ ನೀರಿನಲ್ಲಿ ಬಣ್ಣ ನಿಧಾನ, ಕೆನೆ ಕಟ್ಟಿದ ಮೇಲೂ ಕಾಯಬೇಕು. ಎಷ್ಟು ಕಾಯಬೇಕು ಅಂತ ಕೆನೆ ಹೇಳುವುದಿಲ್ಲ. ಸ್ಲೈಡು ಒದ್ದೆಯಿರುವಾಗಲೇ ಸೂಕ್ಷ್ಮದರ್ಶಕದ ಸಣ್ಣ ಮಸೂರದ ಕೆಳಗೆ ಇಟ್ಟು ನೋಡು, ಒಳತಿರುಳು ನೇರಳೆಗೆ ತಿರುಗಿದೆಯಾ ಅಂತ. ತಿರುಗಿಲ್ಲವಾ, ಇನ್ನೂ ಬಿಡು. ಇಷ್ಟೇ. ಇಷ್ಟು ಚಿಕ್ಕ ವಿಷಯ. ಯಾವ ಊರಿನ ನೀರಾದರೂ ಸರಿ, ಯಾರ ಸ್ಟೇನ್ ಆದರೂ ಸರಿ. ನಾನು ಅವಳ ಎದುರು ಸ್ಲೈಡು ಮೇಲೆ ಸ್ಲೈಡು ಕೆಡಿಸಿದೆ. ಕೆನೆ ಕಂಡರೆ ಕೈ ಓಡಿಹೋಗುತ್ತಿತ್ತು, ಹಳೇ ಎತ್ತು ಮನೆ ದಾರಿ ಹಿಡಿದ ಹಾಗೆ. ಅವಳು "ಕೈ! ಕೈ!" ಅಂತ ಕೂಗುತ್ತಿದ್ದಳು. ಕೊನೆಗೆ ನಾನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಲ್ಲತೊಡಗಿದೆ. ಡಾಕ್ಟರು ಬಾಗಿಲಲ್ಲಿ ನೋಡಿ, "ಏನಯ್ಯ, ನಿನಗೆ ನೀನೇ ಪೊಲೀಸಾ?" ಅಂದರು.

ಮನೆಯಲ್ಲಿ ಹೆಂಡತಿ ಬಾಯಿ ಪ್ರಶ್ನೆ ಕೇಳುತ್ತಿದ್ದಳು. ಹುಡುಗಿ ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಇವಳು ಓದುವುದು, ನಾನು ಹೇಳುವುದು. ತಪ್ಪಿದರೆ "ಅವಳಾಗಿದ್ರೆ ತಪ್ತಿರ್ಲಿಲ್ಲ" ಅನ್ನುವಳು. ಆ ಮಾತಿಗೆ ಇರುವ ಚುರುಕು ಬೆತ್ತಕ್ಕೂ ಇಲ್ಲ.

ಮರುವರ್ಷ ಎರಡನೆಯ ಸಲ ಅದೇ ಹಜಾರಕ್ಕೆ ಹೋದೆ. ಅದೇ ಪರೀಕ್ಷಕರು. ಸ್ಲೈಡು ಕೊಟ್ಟ ಕೂಡಲೇ ನಾನು ಕೇಳಿದ್ದು, "ನೀರು ಹದ ಮಾಡಿದ್ದೋ, ಬರೀ ಭಟ್ಟಿ ಇಳಿಸಿದ್ದೋ ಸಾರ್?" ಅಂತ. ಅವರು ನನ್ನ ಮುಖ ನೋಡಿ, ಗುರುತು ಹಿಡಿದು, "ನೀವೇ ನೋಡಿ ಹೇಳಿ" ಅಂದರು. ಕೆನೆ ಕಟ್ಟಿತು. ಕೈ ಹಿಡಿದುಕೊಂಡೆ. ಪಕ್ಕದವನು ತೊಳೆದು, ಒಣಗಿಸಿ, ಎಣಿಸಲು ಕೂತ. ನಾನಿನ್ನೂ ನಿಂತೇ ಇದ್ದೆ. ಒದ್ದೆ ಸ್ಲೈಡನ್ನು ನೋಡಿದೆ, ಬಿಟ್ಟೆ, ಮತ್ತೆ ನೋಡಿದೆ. ನೇರಳೆ ಬಂತು. ಆಮೇಲೆ ಎಣಿಸಿದ್ದರಲ್ಲಿ ಹೇಳುವಂಥದ್ದೇನಿಲ್ಲ. ಅದು ನನ್ನ ದಿನದ ಕೆಲಸ.

ಸರ್ಟಿಫಿಕೇಟು ಬಂತು. ಹೆಂಡತಿ ಅದಕ್ಕೆ ಕುಂಕುಮ ಇಟ್ಟಳು. ಡಾಕ್ಟರು ಹೊರಗಿನ ಬೋರ್ಡಿಗೆ ನನ್ನ ಹೆಸರು ಬರೆಸಿದರು. ಹುಡುಗಿಯ ಹೆಸರಿನ ಕೆಳಗೆ. "ಮೇಲೆ ಜಾಗ ಇರ್ಲಿಲ್ಲ ಸಾರ್" ಅಂದ ಬೋರ್ಡು ಬರೆಯುವವನು. ಮೇಲೆ ಒಂದು ಗೇಣು ಖಾಲಿ ಇತ್ತು, ನಾನೇ ಅಳೆದು ನೋಡಿದೆ.

ಬೋರ್ಡಿನ ಬಣ್ಣ ಆರುವ ಮುಂಚೆಯೇ ಅವಳು ಹೊರಡುವ ಸುದ್ದಿ ಬಂತು. ಸಿಟಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಹತ್ತಾರು ಜನ ಕೆಲಸ ಮಾಡುವ ಲ್ಯಾಬು, ಹೊಸ ಹೊಸ ಯಂತ್ರಗಳು. ನಾನು ಏಣಿಯ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತಾ ಅವಳ ಪಕ್ಕಕ್ಕೆ ಬಂದು ನಿಂತರೆ, ಅವಳು ಸೀರೆ ನೆರಿಗೆ ಎತ್ತಿಕೊಂಡು ಮೇಲಿನ ಅಟ್ಟಕ್ಕೆ ಕಾಲಿಟ್ಟಿದ್ದಳು. "ಒಳ್ಳೇದಾಯ್ತಮ್ಮ" ಅಂದೆ. ಅದನ್ನು ಅನ್ನಲು ಬಹಳ ಕಷ್ಟವಾಯಿತು.

"ಒಂದು ಸಹಾಯ ಆಗ್ಬೇಕಿತ್ತು ರೀ. ಕೆಲಸಕ್ಕೆ ಸೇರೋಕೆ ನನ್ನದೂ ಮೆಡಿಕಲ್ ರಿಪೋರ್ಟ್ ಕೊಡ್ಬೇಕು. ಸರ್ಟಿಫಿಕೇಟ್ ಇರೋರ ಸಹಿ ಬೇಕು. ನಂದಕ್ಕೆ ನಾನೇ ಹಾಕೋ ಹಾಗಿಲ್ವಲ್ಲ."

ಅವಳು ಬೆಂಚಿನ ಆಚೆ, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಕೋಟು ಹಾಕಿರಲಿಲ್ಲ. ನರ ಸಿಗುವುದು ಕಷ್ಟವಿತ್ತು, ಒಂದೇ ಸಲಕ್ಕೆ ಹಿಡಿದೆ. ಅವಳು ಮುಖ ಆ ಕಡೆ ತಿರುಗಿಸಿ ಹಲ್ಲು ಕಚ್ಚಿಕೊಂಡಿದ್ದಳು. ಊರಿನವರ ರಕ್ತವನ್ನೆಲ್ಲ ನೋಡುವವಳಿಗೆ ತನ್ನದನ್ನು ನೋಡಲು ಭಯ!

ಸ್ಲೈಡು ಎಳೆದೆ, ಬಣ್ಣ ಹಾಕಿದೆ, ಕಾದೆ. ಕಿಟಕಿಯ ಹತ್ತಿರ, ಆ ಹೊಸ ಸ್ಟೂಲಿನ ಮೇಲೆ ಕೂತು ಎಣಿಸಿದೆ. ನಿಧಾನವಾಗಿ ಎಣಿಸಿದೆ. ಏನಾದರೂ ಕೊರತೆ ಇದ್ದರೆ ಇನ್ನು ಕೆಲವು ತಿಂಗಳು ಇಲ್ಲೇ ಇರುತ್ತಾಳೇನೋ ಅನ್ನಿಸಿತು. ಇರಬೇಕು ಅಂತ ಅನ್ನಿಸಿತೋ, ಮೇಲೆ ಹೋಗಬಾರದು ಅಂತ ಅನ್ನಿಸಿತೋ, ಬಿಡಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಕೊರತೆ ಇರಲಿಲ್ಲ. ಕಣಗಳೆಲ್ಲ ಇರಬೇಕಾದಷ್ಟು, ಇರಬೇಕಾದ ಹಾಗೆ ಇದ್ದವು.

ಬರೆದೆ. ಕೆಳಗೆ ಸಹಿ ಹಾಕಿದೆ. ಸರ್ಟಿಫಿಕೇಟು ಬಂದ ಮೇಲೆ ನಾನು ಹಾಕಿದ ಮೊದಲ ಸಹಿ ಅದೇ.

ಚೀಟಿ ತೆಗೆದುಕೊಂಡು ಅವಳು ಒಂದೊಂದೇ ಸಾಲು ಓದಿದಳು. ಆಮೇಲೆ ಕೈ ಚಾಚಿದಳು.

"ಸ್ಲೈಡ್ ಕೊಡಿ, ಒಂದ್ಸಲ ನೋಡ್ತೀನಿ."

"ಇಲ್ಲಮ್ಮ," ಅಂದೆ. "ರೋಗಿಗಳಿಗೆ ಸ್ಲೈಡು ತೋರಿಸೋ ಪದ್ಧತಿ ನಮ್ಮಲ್ಲಿಲ್ಲ."

ಅವಳು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಮೊದಲು ಸಿಟ್ಟು ಬಂತು ಅವಳಿಗೆ, ಆಮೇಲೆ ನಗು. ಚೀಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಡಾಕ್ಟರಿಗೆ ಹೇಳಿ, ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ಆ ಸ್ಲೈಡನ್ನು ಮತ್ತೆ ಮಸೂರದ ಕೆಳಗಿಟ್ಟು ನೋಡಿದೆ. ಬಣ್ಣ ಬಹಳ ಚೆನ್ನಾಗಿ ಹಿಡಿದಿತ್ತು.